ಶಿಷ್ಯನಾದವನಿಗೆ ಸಭೆ ಏಕೆ ಬೇಕು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳ ಟಪಾಲಿನಲ್ಲಿ ಬಂದ ನಾಲ್ಕು ಪತ್ರಗಳನ್ನು ಬರೆದವರು ಒಬ್ಬರನ್ನೊಬ್ಬರು ಅರಿಯದವರು. ಆದರೂ ಒಂದೇ ವಿಷಯವನ್ನು ನಾಲ್ಕು ದಿಕ್ಕಿನಿಂದ ಹಿಡಿದು ಕೇಳಿದ್ದಾರೆ. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲ ಇವಕ್ಕಷ್ಟೇ ಉತ್ತರ ಬರೆಯುತ್ತಿದ್ದೇನೆ. ಪತ್ರ ಬರೆದವರ ಹೆಸರನ್ನು ಅವರ ಕೋರಿಕೆಯಂತೆ ಕೊಟ್ಟಿಲ್ಲ.

ಪ್ರಶ್ನೆ: ನಾನು ಮೂವತ್ತೆರಡು ವರ್ಷದವನು. ಅಜ್ಜನ ಕಾಲದಿಂದ ನಮ್ಮದು ಮಿಷನ್ ಸಭೆ. 2020ರ ಲಾಕ್‌ಡೌನ್‌ನಲ್ಲಿ ಮೊಬೈಲಿನಲ್ಲಿ ಆರಾಧನೆ ನೋಡುವುದು ರೂಢಿಯಾಯಿತು. ಆಮೇಲೆ ಸಭೆಗೆ ಹೋಗುವುದು ಕ್ರಿಸ್ಮಸ್ಸಿಗೂ ಈಸ್ಟರಿಗೂ ಮಾತ್ರ ಉಳಿಯಿತು. ದಿನಾಲು ಸತ್ಯವೇದ ಓದುತ್ತೇನೆ, ಪ್ರಾರ್ಥಿಸುತ್ತೇನೆ, ಒಳ್ಳೆಯ ಬೋಧಕರ ಪ್ರಸಂಗ ಕೇಳುತ್ತೇನೆ, ದಶಮಾಂಶವನ್ನೂ ತಪ್ಪದೆ ಕಳಿಸುತ್ತೇನೆ. ಸಭೆಗೆ ಹೋದರೆ ಕಾಣುವುದು ಕಮಿಟಿ ಚುನಾವಣೆಯ ಜಗಳ. ಯೇಸುವಿನ ಶಿಷ್ಯನಾಗಿರುವುದು ನನಗೂ ಕರ್ತನಿಗೂ ಸೇರಿದ ವಿಷಯವಲ್ಲವೆ? ಅದಕ್ಕೆ ಸಭೆ ಬೇಕೇಬೇಕೆ? (ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಬೇಕು. ಇಷ್ಟು ಹೇಳಿ ಸುಮ್ಮನಾದರೆ ಅದು ಹಿರಿಯರ ಗದರಿಕೆಯಂತೆ ಕೇಳಿಸೀತು. ಆದ್ದರಿಂದ ನಿಮ್ಮ ಪತ್ರದಲ್ಲೇ ಇರುವ 'ಶಿಷ್ಯ' ಎಂಬ ಪದದಿಂದ ಹೊರಟು ಏಕೆ ಬೇಕೆಂಬುದನ್ನು ನೋಡೋಣ.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಶಿಷ್ಯನಿಗಿರುವ ಪದ 'ಮಥೇತೆಸ್'. ಕಲಿಯುವವನು ಎಂದು ಅದರ ನೇರ ಅರ್ಥ. ತನ್ನ ನೊಗಕ್ಕೆ ಹೆಗಲು ಕೊಟ್ಟು ತನ್ನಿಂದ ಕಲಿತುಕೊಳ್ಳಿರೆಂದು ಯೇಸು ಕರೆಯುವಲ್ಲಿ (ಮತ್ತಾಯ 11:29) ಬರುವ ಕ್ರಿಯಾಪದವೂ ಅದೇ ಧಾತುವಿನದು. ಈ ಕಲಿಕೆ ಎಂಥದೆಂಬುದನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಮುಂದೆ ಕುಳಿತು ಕಲಿತರು. ಅದೇ ಗುರುವಿನ ಮನೆಯಲ್ಲಿದ್ದು ಭೀಮಸೇನ ಜೋಶಿಯವರು ನೀರು ಹೊತ್ತು, ಹೇಳಿದ ಕೆಲಸ ಮಾಡಿ, ವರ್ಷಗಟ್ಟಲೆ ತೋಡಿ, ಮುಲ್ತಾನಿ, ಪೂರಿಯಾ ರಾಗಗಳ ತಾಲೀಮು ಮಾಡಿದರು. ಗುರು ಹಾಡಿದ್ದನ್ನು ಕೇಳುವುದು ಆ ಕಲಿಕೆಯ ಅರ್ಧ ಭಾಗ ಮಾತ್ರ. ತಾನು ಹಾಡಿದ್ದನ್ನು ಗುರು ಕೇಳಿ, ಸ್ವರ ಜಾರಿದಲ್ಲಿ ನಿಲ್ಲಿಸಿ, ಮತ್ತೆ ಹಾಡೆನ್ನುವುದು ಉಳಿದರ್ಧ. ನಿಮ್ಮ ಮೊಬೈಲಿನಲ್ಲಿ ಮೊದಲರ್ಧ ಚೆನ್ನಾಗಿಯೇ ನಡೆಯುತ್ತಿದೆ. ನಿಮ್ಮನ್ನು ನಿಲ್ಲಿಸಿ ಮತ್ತೆ ಹಾಡು ಎನ್ನುವವರು ಅಲ್ಲಿ ಯಾರೂ ಇಲ್ಲ.

ಕರ್ತನೇ ತನ್ನ ವಾಕ್ಯದಿಂದ ನನ್ನನ್ನು ತಿದ್ದುತ್ತಾನೆ ಎಂದು ನೀವು ಹೇಳಬಹುದು. ತಿದ್ದುತ್ತಾನೆ, ನಿಜ. ಆದರೆ ಆತನು ಬಹಳ ಮಟ್ಟಿಗೆ ಮತ್ತೊಬ್ಬ ಶಿಷ್ಯನ ಬಾಯಿಂದಲೇ ಆ ಕೆಲಸ ಮಾಡಿಸುತ್ತಾನೆಂಬುದಕ್ಕೆ ಹೊಸ ಒಡಂಬಡಿಕೆಯ ಪುಟಪುಟವೂ ಸಾಕ್ಷಿ. 'ಶಿಷ್ಯ' ಎಂಬ ಪದ ನಾಲ್ಕು ಸುವಾರ್ತೆಗಳಲ್ಲೂ ಅಪೊಸ್ತಲರ ಕೃತ್ಯಗಳಲ್ಲೂ ಸೇರಿ ಇನ್ನೂರೈವತ್ತಕ್ಕೂ ಹೆಚ್ಚು ಸಲ ಬರುತ್ತದೆ. ಪೌಲನ ಪತ್ರಿಕೆಗಳಲ್ಲಾಗಲಿ ಪೇತ್ರ, ಯೋಹಾನರ ಪತ್ರಿಕೆಗಳಲ್ಲಾಗಲಿ ಒಮ್ಮೆಯೂ ಬರುವುದಿಲ್ಲ. ಗಲಿಲಾಯದ ದಾರಿಯಲ್ಲಿ ಗುರುವಿನ ಹಿಂದೆ ನಡೆದವರು ಶಿಷ್ಯರೆನಿಸಿದರು. ಕೊರಿಂಥದಲ್ಲೋ ಫಿಲಿಪ್ಪಿಯಲ್ಲೋ ಆತನನ್ನು ಕಣ್ಣಾರೆ ಕಾಣದೆ ನಂಬಿದವರನ್ನು ಪತ್ರಿಕೆಗಳು ಸಹೋದರರು, ದೇವಜನರು, ಒಂದು ದೇಹದ ಅಂಗಗಳು, ಸಭೆ ಎಂದು ಕರೆಯುತ್ತವೆ. ಮೊದಲ ಪೀಳಿಗೆಯವರು ಗುರುವಿನ ಜೊತೆಗೆ ನಡೆದು ಕಲಿತದ್ದನ್ನು ಎರಡನೆಯ ಪೀಳಿಗೆಯವರು ಒಬ್ಬರ ಜೊತೆಗೊಬ್ಬರು ಬಾಳಿ ಕಲಿಯಬೇಕಾಯಿತು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಒಬ್ಬರ ಭಾರವನ್ನೊಬ್ಬರು ಹೊರಬೇಕು (ಗಲಾತ್ಯ 6:2), ಒಬ್ಬರಿಗೊಬ್ಬರು ಬುದ್ಧಿ ಹೇಳಬೇಕು (ಕೊಲೊಸ್ಸೆ 3:16), ತಪ್ಪುಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಬೇಕು (ಯಾಕೋಬ 5:16): ಇಂಥ ಆಜ್ಞೆಗಳನ್ನು ಕೋಣೆಯೊಳಗೆ ಒಬ್ಬರೇ ಕುಳಿತು ಪಾಲಿಸಲು ಬರುವುದಿಲ್ಲ. ಎಷ್ಟು ಭಕ್ತಿಯಿದ್ದರೂ ಬರುವುದಿಲ್ಲ.

ಇನ್ನು ಜಗಳದ ಮಾತು. ನಾಲ್ಕು ಸುವಾರ್ತೆಗಳಲ್ಲಿ 'ಸಭೆ' ಎಂಬ ಪದ ಬರುವುದು ಮತ್ತಾಯನಲ್ಲಿ ಮಾತ್ರ, ಅದೂ ಎರಡೇ ವಚನಗಳಲ್ಲಿ. ಒಂದು, ಬಂಡೆಯ ಮೇಲೆ ಸಭೆಯನ್ನು ಕಟ್ಟುತ್ತೇನೆ ಎಂಬ ವಾಗ್ದಾನ (16:18). ಇದನ್ನು ನಾವು ಗೋಡೆಯ ಮೇಲೆ ಬರೆಸುತ್ತೇವೆ. ಇನ್ನೊಂದು, ಸಹೋದರನು ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ತಿಳಿಸು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಅದಕ್ಕೂ ಕೇಳದಿದ್ದರೆ ಸಭೆಗೆ ಹೇಳು ಎಂಬ ಕ್ರಮ (18:17). ಇದನ್ನು ಬರೆಸಿದ ಗೋಡೆಯನ್ನು ನಾನು ಇನ್ನೂ ನೋಡಿಲ್ಲ. ಸಭೆಯ ನಡೆವಳಿಕೆಯ ಬಗ್ಗೆ ಕರ್ತನು ಕೊಟ್ಟ ಮೊದಲ ಸೂಚನೆಯೇ ಜಗಳವನ್ನು ಹೇಗೆ ಬಗೆಹರಿಸಬೇಕೆಂಬುದು ಎಂದಾದರೆ, ಜಗಳವಾಗುವ ಜನರೇ ಅಲ್ಲಿ ಸೇರುತ್ತಾರೆಂದು ಆತನಿಗೆ ತಿಳಿದೇ ಇತ್ತು. ಹನ್ನೆರಡು ಮಂದಿಯನ್ನು ಆರಿಸಿಕೊಂಡಾಗಲೂ ರೋಮಿಗೆ ಅಧೀನವಾದ ಆಳಿಕೆಯ ಪರವಾಗಿ ದುಡ್ಡು ಎತ್ತುತ್ತಿದ್ದ ಸುಂಕದ ಮತ್ತಾಯನನ್ನೂ ಮತಾಭಿಮಾನಿ ಎನಿಸಿಕೊಂಡ ಸೀಮೋನನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದನಲ್ಲ!

ಹಾಗೆಂದು ಕಮಿಟಿಯ ಜಗಳಕ್ಕೆ ನಾನು ವಕಾಲತ್ತು ವಹಿಸುವುದಿಲ್ಲ. ನಾನು ಸಭಾಪಾಲಕನಾಗಿದ್ದಾಗ ಕಂಪೌಂಡಿನ ಮಳಿಗೆಗಳ ಬಾಡಿಗೆಯ ಲೆಕ್ಕಕ್ಕೆ ಮೂರು ತಿಂಗಳ ಮೂರು ಮೀಟಿಂಗುಗಳನ್ನು ಕಳೆದದ್ದುಂಟು. ಆ ವರ್ಷ ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಂಡು ದೃಢೀಕರಣ ಪಡೆದ ಹನ್ನೊಂದು ಹುಡುಗ ಹುಡುಗಿಯರಲ್ಲಿ ಏಳು ಮಂದಿ ಮರುವರ್ಷ ಸಭೆಯಲ್ಲಿ ಕಾಣದಿದ್ದುದರ ಬಗ್ಗೆ ಅರ್ಧ ತಾಸೂ ಮಾತಾಡಲಿಲ್ಲ. ಅಧ್ಯಕ್ಷತೆ ನನ್ನದೇ ಆಗಿತ್ತು, ತಪ್ಪೂ ನನ್ನದೇ. ನೀವು ಸಭೆಯಿಂದ ದೂರವಾಗಿದ್ದರೆ ಅದರಲ್ಲಿ ನಮ್ಮಂಥವರ ಪಾಲು ಎಷ್ಟೆಂಬುದು ನನಗೆ ಗೊತ್ತಿದೆ.

ಆದರೂ ಒಂದು ಸಂಗತಿ ಹೇಳಬೇಕು. ನಾನಿದ್ದ ಸಭೆಯೊಂದರಲ್ಲಿ ರೈಲ್ವೆಯಿಂದ ನಿವೃತ್ತರಾಗಿದ್ದ ಒಬ್ಬ ಅಜ್ಜ ಪ್ರತಿ ಭಾನುವಾರ ಕಿಟಕಿಯ ಪಕ್ಕದ ಮೂರನೆಯ ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು. ಮಳೆಯಿರಲಿ ಬಿಸಿಲಿರಲಿ ಮಡಿಸಿದ ಕೊಡೆಯೊಂದನ್ನು ಬೆಂಚಿನ ಕಾಲಿಗೆ ಆನಿಸಿ ಇಡುತ್ತಿದ್ದರು. ಒಂದು ಭಾನುವಾರ ಎರಡನೆಯ ಕೀರ್ತನೆ ಹಾಡುವಾಗ ಸಭೆಯ ಕಸ ಗುಡಿಸುವ ಅಕ್ಕ ಮೆಲ್ಲನೆ ಬಂದು, 'ಅಯ್ನೋರ, ಅಜ್ಜಾರ ಕೊಡಿ ಕಾಣವಲ್ದು' ಎಂದಳು. ಪ್ರಸಂಗ ಮುಗಿಯುವ ಮೊದಲೇ ಇಬ್ಬರು ಹುಡುಗರು ಸೈಕಲ್ ಹತ್ತಿ ಹೋದರು. ಅಜ್ಜ ರಾತ್ರಿಯಿಂದ ಬಚ್ಚಲಲ್ಲಿ ಬಿದ್ದಿದ್ದರು, ಸೊಂಟದ ಎಲುಬು ಮುರಿದಿತ್ತು, ಜೀವವಿತ್ತು. ನೀವು ನೋಡುವ ಆರಾಧನೆಯಲ್ಲಿ ನಿಮ್ಮನ್ನು ಎಣಿಸುವುದಿಲ್ಲವೆಂದಲ್ಲ, ತೆರೆಯ ಮೂಲೆಯಲ್ಲಿ ವೀಕ್ಷಕರ ಸಂಖ್ಯೆ ತೋರಿಸುತ್ತದೆ. ನೀವು ಬರದಿದ್ದ ದಿನ ಆ ಸಂಖ್ಯೆಯಲ್ಲಿ ಒಂದು ಕಡಿಮೆಯಾಗುತ್ತದೆ, ಅಷ್ಟೆ.

ಹಾಸಿಗೆ ಹಿಡಿದವರಿಗೆ, ಪರದೇಶದಲ್ಲಿ ಒಂಟಿಯಾಗಿರುವವರಿಗೆ, ರವಿವಾರವೂ ಪಾಳಿಯಿರುವ ನರ್ಸುಗಳಿಗೆ ಮೊಬೈಲಿನ ಆರಾಧನೆ ದೊಡ್ಡ ಉಪಕಾರ. ಅದನ್ನು ಹಗುರವಾಗಿ ನೋಡುವ ಬೋಧಕರನ್ನು ನಾನು ಒಪ್ಪುವುದಿಲ್ಲ. ನಿಮ್ಮ ಸ್ಥಿತಿ ಅದಲ್ಲ. ಮುಂದಿನ ವಾರದಿಂದ ತಪ್ಪದೆ ಹೋಗಿರೆಂದು ಅಪ್ಪಣೆ ಕೊಟ್ಟರೆ ನೀವು ಎರಡು ವಾರ ಹೋಗಿ ನಿಲ್ಲಿಸುತ್ತೀರಿ. ಅದಕ್ಕಿಂತ, ಹಾಡಿನ ಪುಸ್ತಕ ಹಂಚುವುದೋ, ಭಾನುವಾರ ಶಾಲೆಯ ಮಕ್ಕಳಿಗೆ ಕಥೆ ಹೇಳುವುದೋ, ನಡೆಯಲಾಗದ ಒಬ್ಬ ಅಜ್ಜಿಯನ್ನು ಗಾಡಿಯಲ್ಲಿ ಕರೆತರುವುದೋ, ನೀವು ಬರದಿದ್ದರೆ ನಿಂತುಹೋಗುವಂಥ ಒಂದು ಕೆಲಸವನ್ನು ಕೇಳಿ ತೆಗೆದುಕೊಳ್ಳಿ. ಅಜ್ಜಿಯನ್ನು ಕರೆತರುವ ಕೆಲಸ ನಿಮ್ಮನ್ನು ಬೇಗ ಪಳಗಿಸೀತೆಂದು ನನ್ನ ಅನುಭವ.

ಪ್ರಶ್ನೆ: ಇವ್ಯಾಂಜಲಿಕಲ್ ಎಂದರೆ ಬೇರೊಂದು ಪಂಗಡವೆ? ನಮ್ಮ ಹಾಸ್ಟೆಲಿನಲ್ಲಿ ಒಬ್ಬರು ತಾವು ಪ್ರಾಟೆಸ್ಟಂಟ್ ಅಲ್ಲ, ಇವ್ಯಾಂಜಲಿಕಲ್ ಎನ್ನುತ್ತಾರೆ. (ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಪಂಗಡವಲ್ಲ, ಒಂದು ಒಲವು. ಸುವಾರ್ತೆ ಎಂಬರ್ಥದ 'ಯುವಾಂಗೆಲಿಯೋನ್' ಎಂಬ ಗ್ರೀಕ್ ಪದದಿಂದ ಬಂದ ಹೆಸರಿದು. ಜರ್ಮನ್ ಭಾಷೆಯಲ್ಲಿ ಅದೇ ಮೂಲದ ಪದ ಪ್ರಾಟೆಸ್ಟಂಟರೆಲ್ಲರಿಗೂ ಸಲ್ಲುತ್ತದೆ. 1815ರಲ್ಲಿ ಸ್ಥಾಪನೆಯಾಗಿ 1837ರಲ್ಲಿ ನಿಮ್ಮ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನ ಪೂರ್ತಿ ಹೆಸರಿನಲ್ಲೂ ಅದು ಇತ್ತು. ನಿಮ್ಮ ಗೆಳತಿ ಹೊಸದೆಂದು ತಿಳಿದಿರುವ ಹೆಸರು ನಮ್ಮೂರಿಗೆ ಬಂದು ಎರಡು ಶತಮಾನಕ್ಕೆ ಹತ್ತಿರವಾಯಿತು. ಇಂದು ಆ ಪದವನ್ನು ಬಳಸುವಾಗ ನಾಲ್ಕು ಗುರುತುಗಳನ್ನು ಹೇಳುವುದು ವಾಡಿಕೆ. ಬ್ರಿಟನ್ನಿನ ಇತಿಹಾಸಕಾರ ಡೇವಿಡ್ ಬೆಬಿಂಗ್ಟನ್ 1989ರಲ್ಲಿ ಹೀಗೆ ವಿಂಗಡಿಸಿದ ಮೇಲೆ ಅದು ಬಳಕೆಗೆ ಬಂತು. ಸತ್ಯವೇದಕ್ಕೆ ಮೊದಲ ಸ್ಥಾನ, ಕ್ರಿಸ್ತನ ಶಿಲುಬೆಯ ಮರಣವೇ ನಂಬಿಕೆಯ ನಡುಗಂಬ, ಪ್ರತಿಯೊಬ್ಬನೂ ಸ್ವತಃ ಮಾನಸಾಂತರ ಹೊಂದಬೇಕೆಂಬ ಒತ್ತು, ಸುವಾರ್ತೆಯನ್ನು ಸಾರುವ ಮತ್ತು ಸೇವೆ ಮಾಡುವ ಚಟುವಟಿಕೆ. ಇವು ದಕ್ಷಿಣ ಭಾರತದ ಸಭೆಯಲ್ಲಿ (ಸಿ.ಎಸ್.ಐ.) ಕೂರುವವರಲ್ಲೂ ಇರಬಹುದು, ಬ್ರದರನ್ ಸಭೆಯಲ್ಲೂ ಪೆಂತೆಕೋಸ್ತ ಸಭೆಯಲ್ಲೂ ಇರಬಹುದು. ಇಂಥವರನ್ನು ಒಟ್ಟುಗೂಡಿಸುವ ಇವ್ಯಾಂಜಲಿಕಲ್ ಫೆಲೋಶಿಪ್ ಆಫ್ ಇಂಡಿಯಾ 1951ರಲ್ಲಿ ಹುಟ್ಟಿತು.

ಇವರಲ್ಲಿ ನಾನು ಗೌರವಿಸುವುದು ಮೂರನೆಯ ಗುರುತನ್ನು. ಇವರು ಎಡವುವುದೂ ಅದರಲ್ಲಿಯೇ. ನಂಬಿಕೆ ಅಪ್ಪನಿಂದ ಮಗನಿಗೆ ಹೊಲದಂತೆ ಬರುವ ಆಸ್ತಿಯಲ್ಲವೆಂದು ಅವರು ನೆನಪಿಸದಿದ್ದರೆ ನಮ್ಮ ಹಳೆಯ ಸಭೆಗಳು ಇನ್ನೂ ಜಡವಾಗಿರುತ್ತಿದ್ದವು. ಆದರೆ ಎಲ್ಲ ಒತ್ತೂ ಒಬ್ಬ ವ್ಯಕ್ತಿಯ ಒಂದು ದಿನದ ನಿರ್ಧಾರದ ಮೇಲೆ ಬಿದ್ದಾಗ, ಕೂಟದಲ್ಲಿ ಕೈ ಎತ್ತಿದವರ ಲೆಕ್ಕ ಸಿಗುತ್ತದೆ, ಅವರು ಐದು ವರ್ಷದ ಮೇಲೆ ಎಲ್ಲಿದ್ದಾರೆಂಬ ಲೆಕ್ಕ ಸಿಗುವುದಿಲ್ಲ. ಸಭೆ ಎಂಬುದು ರಕ್ಷಣೆ ಸಿಕ್ಕ ಮೇಲೆ ಸೇರಿಕೊಳ್ಳುವ ಅನುಕೂಲದ ಸಂಘದಂತೆ ತೋರುತ್ತದೆ. ಮತ್ತಾಯ 28:19ರ ಗ್ರೀಕ್ ವಾಕ್ಯದಲ್ಲಿ ಮುಖ್ಯ ಕ್ರಿಯಾಪದ 'ಶಿಷ್ಯರನ್ನಾಗಿ ಮಾಡಿರಿ' ಎಂಬುದು. ದೀಕ್ಷಾಸ್ನಾನ ಮಾಡಿಸುವುದೂ ಆಜ್ಞೆಗಳನ್ನು ಕಾಪಾಡಿಕೊಳ್ಳಲು ಉಪದೇಶಿಸುವುದೂ ಅದಕ್ಕೆ ತಗುಲಿಕೊಂಡು ಬರುತ್ತವೆ. ಇವ್ಯಾಂಜಲಿಕಲರೇ ಈ ಕೊರತೆಯನ್ನು ಕಂಡುಕೊಂಡಿದ್ದಾರೆಂಬುದನ್ನೂ ಹೇಳಬೇಕು. 1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ನಡೆದ ಅವರ ಜಾಗತಿಕ ಸಮ್ಮೇಳನದಲ್ಲಿ ಲ್ಯಾಟಿನ್ ಅಮೆರಿಕದ ರೆನೆ ಪದಿಲ್ಯಾ ಮತ್ತು ಸಾಮ್ಯುವೆಲ್ ಎಸ್ಕೊಬಾರ್ ಅವರು, ಶಿಷ್ಯತ್ವದ ಬೆಲೆಯನ್ನು ಹೇಳದ ಸುವಾರ್ತೆಯನ್ನು ಕಟುವಾಗಿಯೇ ಪ್ರಶ್ನಿಸಿದರು. ಅಲ್ಲಿ ಒಪ್ಪಿದ ಒಡಂಬಡಿಕೆಯು ಸಭೆಯನ್ನು ಸಂಸ್ಥೆ ಎನ್ನುವುದಕ್ಕಿಂತ ದೇವಜನರ ಸಮುದಾಯವೆಂದು ಬಣ್ಣಿಸಿತು.

ಪ್ರಶ್ನೆ: ನಮ್ಮ ಕುಟುಂಬ ಐದು ತಲೆಮಾರಿನಿಂದ ಬಾಸೆಲ್ ಮಿಷನ್ ಸಭೆಯಲ್ಲಿದೆ. ಇಪ್ಪತ್ನಾಲ್ಕು ವರ್ಷದ ಮಗ ಒಂದು ವರ್ಷದಿಂದ ಮಹಡಿಯ ಬಾಡಿಗೆ ಹಾಲಿನಲ್ಲಿ ನಡೆಯುವ ಹೊಸ ಫೆಲೋಶಿಪ್ಪಿಗೆ ಹೋಗುತ್ತಿದ್ದಾನೆ. ನಮ್ಮದು 'ಸತ್ತ ಸಭೆ', ಅವರ ಹಾಲು ತುಂಬಿ ತುಳುಕುತ್ತದೆ ಎನ್ನುತ್ತಾನೆ. ಈಗ ಮುಳುಗಿ ಮತ್ತೆ ದೀಕ್ಷಾಸ್ನಾನ ತೆಗೆದುಕೊಳ್ಳುತ್ತೇನೆಂದು ಹಟ ಹಿಡಿದಿದ್ದಾನೆ. ಮನೆಯಲ್ಲಿ ಮಾತು ನಿಂತಿದೆ. ನಾನೇನು ಮಾಡಲಿ? (ತಂದೆ, ಬೆಟಗೇರಿ)

ಉತ್ತರ: ಮೊದಲು ಮಾತು ಶುರುಮಾಡಿ, ದೀಕ್ಷಾಸ್ನಾನದ ಬಗ್ಗೆ ಅಲ್ಲದ ಮಾತು.

ನಿಮ್ಮ ಪತ್ರದಲ್ಲಿ ನೋವಿನ ಜೊತೆಗೆ ಐದು ತಲೆಮಾರಿನ ಅಭಿಮಾನವೂ ಇದೆ. ಅದಕ್ಕಾಗಿಯೇ ಆ ಐದು ತಲೆಮಾರಿನ ಹಿಂದೆ ಏನಿತ್ತೆಂಬುದನ್ನು ನೆನಪಿಸುತ್ತೇನೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಿಮ್ಮ ಬೆಟಗೇರಿಗೆ ಬಂದರು. ಅವರಲ್ಲಿ ಬಹಳ ಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದವರು. ಆ ಪಂಥ ಹುಟ್ಟಿದ್ದು ಎಲ್ಲಿ? ಮನೆಯ ಕೂಟಗಳಲ್ಲಿ. 1670ರಲ್ಲಿ ಫ್ರಾಂಕ್‌ಫರ್ಟಿನ ಬೋಧಕ ಫಿಲಿಪ್ ಯಾಕೋಬ್ ಸ್ಪೇನರ್, ಭಾನುವಾರದ ಆರಾಧನೆಗೆ ಬಂದುಹೋಗುವುದಷ್ಟೇ ಸಾಲದೆಂದು ಕೆಲವರನ್ನು ತನ್ನ ಮನೆಯಲ್ಲಿ ಕೂಡಿಸಿ ವೇದವಾಕ್ಯವನ್ನು ಚರ್ಚಿಸತೊಡಗಿದ. ಕೂಟಗಳು ಹಬ್ಬಿದಂತೆ, ನಿಮ್ಮ ಸಭೆ ಸತ್ತಿದೆ ಎಂದು ಕೂಟದವರೂ, ನೀವು ಸಭೆಯನ್ನು ಒಡೆಯುತ್ತಿದ್ದೀರಿ ಎಂದು ಸಭೆಯವರೂ ಹೇಳತೊಡಗಿದರು. ಕೆಲವರು ಹೊರಗೆ ಹೋದರು. ವುರ್ಟೆಂಬರ್ಗಿನಲ್ಲಿ 1743ರಲ್ಲಿ ಒಂದು ರಾಜಾಜ್ಞೆ ಹೊರಟು, ಸಭಾಪಾಲಕರ ಅರಿವಿನಲ್ಲಿ, ಆರಾಧನೆಗೆ ಅಡ್ಡಿಯಾಗದಂತೆ ಮನೆಕೂಟ ನಡೆಸಬಹುದೆಂದು ಒಪ್ಪಿಗೆ ಸಿಕ್ಕಿತು. ಬಹುಪಾಲು ಜನ ತಮ್ಮ ಊರ ಸಭೆಯಲ್ಲೇ ಉಳಿದು ಕೂಟವನ್ನೂ ನಡೆಸಿದರು. ಆ ಕೂಟಗಳಲ್ಲಿ ಬೆಳೆದ ರೈತರ, ಕಸುಬುದಾರರ ಮಕ್ಕಳೇ ಮಿಷನರಿಗಳಾಗಿ ನಮ್ಮ ಸೀಮೆಗೆ ಬಂದದ್ದು. ನಿಮ್ಮ ಮಗ ಆಡುತ್ತಿರುವ ಮಾತು ನಿಮ್ಮ ಸಭೆಯ ಮೂಲಪುರುಷರ ಮನೆಯಲ್ಲೂ ಕೇಳಿಬಂದ ಮಾತು.

ಇದೇ ಕಥೆಯ ಇನ್ನೊಂದು ತುದಿಯನ್ನು ಅವನಿಗೂ ಹೇಳಿ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯ ಜನ, ಕಟ್ಟಡದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಮಂದಿಯ ಗುಂಪು ಮಾಡಿಕೊಂಡು ತಲೆಗೊಂದು ಪೆನ್ನಿಯಂತೆ ವಾರವಾರ ವಂತಿಗೆ ಎತ್ತಿದರು. ವಂತಿಗೆಗೆಂದು ಮನೆಮನೆಗೆ ಹೋದವರು ಅಲ್ಲಿ ಕುಡಿತವನ್ನೂ ಗಂಡಹೆಂಡಿರ ಜಗಳವನ್ನೂ ಕಂಡು, ಒಬ್ಬೊಬ್ಬರ ಬಾಳುವೆಯನ್ನು ವಾರಕ್ಕೊಮ್ಮೆ ವಿಚಾರಿಸುವ ಪದ್ಧತಿಯನ್ನು ಹಾಕಿಕೊಂಡರು. ಮೆಥಡಿಸ್ಟರೆನಿಸಿದ ಈ ಜನರ ಬಲವೆಲ್ಲ ಮುಂದೆ ಅದರಲ್ಲಿತ್ತು. ತುಂಬಿದ ಹಾಲಿನ ಬಗ್ಗೆ ಹೇಳುವುದಾದರೆ, ನಿಮ್ಮೂರ ಹತ್ತಿರದ ಮಲ್ಲಸಮುದ್ರವಿದೆಯಲ್ಲ, 1841ರಲ್ಲಿಯೇ ಅಲ್ಲಿ ಹೊಸ ವಿಶ್ವಾಸಿಗಳಿಗಾಗಿ ಬೇಸಾಯದ ನೆಲೆಯೊಂದನ್ನು ಮಿಷನ್ನಿನವರು ಹೂಡಿದರು. ಹುಬ್ಬಳ್ಳಿಯ ಸುತ್ತಲಿನ, ಕಾಲಜ್ಞಾನವನ್ನು ನಂಬುತ್ತಿದ್ದ ಪಂಥದ ಜನ ಗುಂಪುಗುಂಪಾಗಿ ಬಂದು ಮಾತಾಡಿಸಿದ್ದನ್ನು ನೋಡಿ ದೊಡ್ಡ ಆಸೆ ಇಟ್ಟುಕೊಂಡಿದ್ದರು. ನೆಚ್ಚಿದ ಗುಂಪು ನೆಲೆ ನಿಲ್ಲಲಿಲ್ಲ. ಸಭೆ ಬೆಳೆದದ್ದು ನಿಮ್ಮಂಥ ಮನೆಗಳಿಂದ, ಒಂದು ತಲೆಮಾರಿನಲ್ಲಿ ಒಂದೋ ಎರಡೋ.

ದೀಕ್ಷಾಸ್ನಾನದ ವಿಷಯಕ್ಕೆ ಬರೋಣ. 1525ರ ಜನವರಿಯಲ್ಲಿ ಝೂರಿ‌ಕ್ ಪಟ್ಟಣದಲ್ಲಿ ಕೆಲವರು, ಕೂಸಾಗಿದ್ದಾಗ ಆದದ್ದು ದೀಕ್ಷಾಸ್ನಾನವೇ ಅಲ್ಲವೆಂದು ನಂಬಿ ದೊಡ್ಡವರಾಗಿ ಮತ್ತೆ ತೆಗೆದುಕೊಂಡರು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು ಎರಡು ವರ್ಷದ ಮೇಲೆ ಅದೇ ಪಟ್ಟಣದ ಪ್ರಾಟೆಸ್ಟಂಟ್ ಆಳಿಕೆಯವರು ಲಿಮ್ಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ಸಭೆಯ ಪರವಾಗಿ ವಾದಿಸುವ ನನ್ನಂಥವರು ಆ ಹೊಳೆಯನ್ನು ಮರೆಯಬಾರದು. ನಿಮ್ಮ ಮಗನ ನಿಲುವು ಹುಡುಗಾಟದ್ದಲ್ಲ, ಜನ ಪ್ರಾಣ ಕೊಟ್ಟು ಕಾದುಕೊಂಡದ್ದು. ನನ್ನ ನಿಲುವು ಬೇರೆ. ಕರ್ತನು ಒಬ್ಬನೇ, ನಂಬಿಕೆ ಒಂದೇ, ದೀಕ್ಷಾಸ್ನಾನ ಒಂದೇ ಎಂದು ಎಫೆಸದವರಿಗೆ ಬರೆದ ಪತ್ರಿಕೆ (4:5) ಹೇಳುತ್ತದೆ. ಕೂಸಿನ ತಲೆಯ ಮೇಲೆ ಬಿದ್ದ ನೀರಿನಲ್ಲಿ ದೇವರು ಮೊದಲು ಮಾತಾಡಿದನೆಂದೂ, ದೃಢೀಕರಣದಲ್ಲಿ ಆ ಮಾತಿಗೆ ನಾವು ಹೂಂಗುಟ್ಟುತ್ತೇವೆಂದೂ ನಾನು ನಂಬುತ್ತೇನೆ. 1970ರಲ್ಲಿ ಉತ್ತರ ಭಾರತದ ಸಭೆ ಒಂದುಗೂಡಿದಾಗ ಬ್ಯಾಪ್ಟಿಸ್ಟರೂ 'ಚರ್ಚ್ ಆಫ್ ದ ಬ್ರದರನ್' ಎಂಬ ಪಂಗಡದವರೂ ಅದರೊಳಗೆ ಬಂದದ್ದರಿಂದ, ಕೂಸಿನ ದೀಕ್ಷಾಸ್ನಾನವೂ ಪ್ರಾಯದವರ ದೀಕ್ಷಾಸ್ನಾನವೂ ಅಲ್ಲಿ ಅಕ್ಕಪಕ್ಕ ನಡೆಯುತ್ತವೆ. ಅಂದಮೇಲೆ ಇದಕ್ಕಾಗಿ ಒಂದು ಮನೆಯಲ್ಲಿ ಉಣ್ಣುವ ತಾಟು ಬೇರೆಯಾಗಬೇಕಿಲ್ಲ.

ಒಂದು ಭಾನುವಾರ ನೀವೇ ಅವನ ಜೊತೆ ಆ ಹಾಲಿಗೆ ಹೋಗಿ ಕುಳಿತುಬನ್ನಿ. ಹಾಡು ಜೋರೆಂದು ಮುಖ ಸಿಂಡರಿಸಬೇಡಿ. ಮನೆಗೆ ಬಂದು ಅವನನ್ನು ಮೂರು ಮಾತು ಕೇಳಿ: ಕಾಣಿಕೆಯ ಹಣದ ಲೆಕ್ಕವನ್ನು ಪಾಸ್ಟರನ್ನು ಬಿಟ್ಟು ಬೇರೆ ಯಾರು ನೋಡುತ್ತಾರೆ? ಪಾಸ್ಟರು ತಪ್ಪಿದರೆ ಅವರಿಗೆ ಹೇಳುವ ಅಧಿಕಾರ ಯಾರಿಗಿದೆ? ನಿನ್ನ ಅಜ್ಜಿ ತೀರಿಕೊಂಡ ರಾತ್ರಿ ಮನೆಗೆ ಬಂದು ಕೂರುವವರು, ಮರುದಿನ ಕುಣಿ ತೋಡಿಸುವವರು ಅಲ್ಲಿ ಯಾರು? ಕೊನೆಯ ಪ್ರಶ್ನೆ ಕುಹಕವಲ್ಲ. ನಮ್ಮ ಭಾಗದಲ್ಲಿ ಎಷ್ಟೋ ಹೊಸ ಕೂಟಗಳಿಗೆ ಹೂಳುವ ಜಾಗವಿಲ್ಲದೆ, ಸಾವಿನ ದಿನ ಹಳೆಯ ಸಭೆಯ ಬಾಗಿಲಿಗೆ ಬಂದು ನಿಲ್ಲುವುದನ್ನೂ, ಹಳೆಯ ಸಭೆಯವರು ಆ ಹೊತ್ತಿನಲ್ಲಿ ಹಳೆಯ ಸಿಟ್ಟು ತೀರಿಸಿಕೊಳ್ಳುವುದನ್ನೂ ನಾನು ಕಂಡಿದ್ದೇನೆ. ಎರಡನೆಯದಕ್ಕೆ ಹೆಚ್ಚು ನಾಚಿದ್ದೇನೆ. ಮೂರಕ್ಕೂ ಅವನಿಂದ ಒಳ್ಳೆಯ ಉತ್ತರ ಬಂದರೆ ಅವನು ಒಂದು ಸಭೆಯಲ್ಲಿದ್ದಾನೆಂದು ತಿಳಿಯಿರಿ. ಅವೇ ಮೂರನ್ನು ಅವನು ನಿಮ್ಮ ಸಭೆಯ ಬಗ್ಗೆ ತಿರುಗಿ ಕೇಳಿಯಾನು. ಉತ್ತರ ಸಿದ್ಧವಾಗಿಟ್ಟುಕೊಳ್ಳಿ.

ಪ್ರಶ್ನೆ: ಹಾನಗಲ್ ತಾಲೂಕಿನ ನಮ್ಮ ಊರಲ್ಲಿ ವಿಶ್ವಾಸಿಗಳದ್ದು ನಾಲ್ಕೇ ಮನೆ. ಚರ್ಚಿಲ್ಲ, ಅಯ್ನೋರು ತಿಂಗಳಿಗೊಮ್ಮೆ ಬರುತ್ತಾರೆ. ಉಳಿದ ವಾರ ಕೂಲಿ ಮುಗಿಸಿ ಬಂದು ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರುತ್ತೇವೆ. ಇದು ಸಭೆಯೆ? ಕರ್ತನ ಭೋಜನವನ್ನು ನಾವೇ ನಡೆಸಬಹುದೆ? ಓದು ಬರುವವರೂ ಕಡಿಮೆ. (ಹಾವೇರಿ ಜಿಲ್ಲೆ)

ಉತ್ತರ: ಸಭೆಯೇ. ಗ್ರೀಕಿನ 'ಎಕ್ಲೇಸಿಯಾ' ಎಂಬ ಪದಕ್ಕೆ ಕೂಡಿಬಂದ ಜನ ಎಂಬ ಅರ್ಥವೇ ಹೊರತು ಕಟ್ಟಡವೆಂಬ ಅರ್ಥವಿಲ್ಲ. ಎಫೆಸ ಪಟ್ಟಣದ ಪೌರರ ಕೂಟಕ್ಕೂ ಅಪೊಸ್ತಲರ ಕೃತ್ಯಗಳು 19ನೆಯ ಅಧ್ಯಾಯದಲ್ಲಿ ಅದೇ ಪದವಿದೆ. ಕನ್ನಡಕ್ಕೆ ಸತ್ಯವೇದವನ್ನು ತಂದವರು 'ಸಭೆ' ಎಂದು ಬರೆದದ್ದು ಒಳ್ಳೆಯದಾಯಿತು. ನಾವು ಮಾತ್ರ ಬರಬರುತ್ತಾ ಚರ್ಚು ಎನ್ನುತ್ತಾ ಗೋಡೆಗಳನ್ನು ನೆನೆಯತೊಡಗಿದೆವು. ಪ್ರಿಸ್ಕ ಮತ್ತು ಅಕ್ವಿಲರ ಮನೆಯಲ್ಲಿ, ಫಿಲೆಮೋನನ ಮನೆಯಲ್ಲಿ, ನುಂಫಳ ಮನೆಯಲ್ಲಿ ಕೂಡುವ ಸಭೆಗೆ ಪೌಲನು ವಂದನೆ ಹೇಳುತ್ತಾನೆ. ಸಿರಿಯಾದ ದೂರಾ ಯುರೋಪೊಸ್ ಎಂಬಲ್ಲಿ ಅಗೆದು ತೆಗೆದ, ಕ್ರಿ.ಶ. 240ರ ಸುಮಾರಿನ ಸಭಾಮನೆ ನಿಮ್ಮ ಪಡಸಾಲೆಯ ಅಕ್ಕನಂತಿದೆ: ಸಾಮಾನ್ಯ ಮನೆ, ಎರಡು ಕೋಣೆಗಳ ನಡುವಿನ ಗೋಡೆ ತೆಗೆದು ಒಂದು ಮಾಡಿದ್ದಾರೆ, ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ.

ಕರ್ತನ ಭೋಜನದ ಬಗ್ಗೆ ಸಭೆಗಳಲ್ಲಿ ಒಂದೇ ಅಭಿಪ್ರಾಯವಿಲ್ಲ. ಬ್ರದರನ್ ಸಭೆಗಳಲ್ಲಿ ಅಭಿಷಿಕ್ತ ಬೋಧಕನಿಲ್ಲದೆ ಸಹೋದರರೇ ರೊಟ್ಟಿ ಮುರಿಯುತ್ತಾರೆ, ಸಿ.ಎಸ್.ಐ. ಕ್ರಮದಲ್ಲಿ ಅಭಿಷೇಕ ಹೊಂದಿದ ಸಭಾಪಾಲಕರು ನಡೆಸಬೇಕು. ನೀವು ಆ ಕ್ರಮಕ್ಕೆ ಒಳಪಟ್ಟವರಾದ್ದರಿಂದ ತಿಂಗಳಿಗೊಮ್ಮೆ ಬರುವ ಅಯ್ನೋರಿಗೆ, ಬಂದಾಗಲೆಲ್ಲ ಭೋಜನ ಕೊಟ್ಟೇ ಹೋಗಬೇಕೆಂದು ನಿಷ್ಠುರವಾಗಿ ಕೇಳಿ. ಉಳಿದ ಮೂರು ವಾರ ಓದು, ಹಾಡು, ಪ್ರಾರ್ಥನೆ ನಡೆಸಿ, ಒಟ್ಟಿಗೆ ಕುಳಿತು ರೊಟ್ಟಿಪಲ್ಯ ಉಣ್ಣಿ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಹಿಡಿದಿಟ್ಟು ದೇಶದಿಂದ ಕಳಿಸಿದ ಮೇಲೆ ಊರೂರ ಪಡಸಾಲೆಗಳಲ್ಲಿ ಪ್ರಾರ್ಥನೆ ನಿಲ್ಲದಂತೆ ನೋಡಿಕೊಂಡವರು ಉಪದೇಶಿಗಳೂ ಹಿರಿಯರೂ.

ಆ ಊಟದ ಬಗ್ಗೆ ಒಂದು ಎಚ್ಚರಿಕೆ. ನಿಮ್ಮ ತಾಲೂಕಿನ ಆಚೆ ಒಂದು ಊರಲ್ಲಿ ಸುಗ್ಗಿ ಹಬ್ಬದ ಆರಾಧನೆಗೆ ಹೋಗಿದ್ದೆ. ಹೊಸ ಜೋಳದ ತೆನೆ, ಶೇಂಗಾ, ಒಂದು ಬುಟ್ಟಿ ಬ್ಯಾಡಗಿ ಮೆಣಸಿನಕಾಯಿ ಬಲಿಪೀಠದ ಮುಂದೆ ಇದ್ದವು; ಹಾಡು ಚೆನ್ನಾಗಿತ್ತು. ಊಟಕ್ಕೆ ಕೂರುವಾಗ ಯಾರೂ ಏನೂ ಹೇಳದೆ ಸಾಲು ಎರಡಾಯಿತು. ಎರಡನೆಯ ಸಾಲಿನವರು ತಾಟನ್ನು ಮನೆಯಿಂದ ತಂದಿದ್ದರು. ಬಾಸೆಲ್ ಮಿಷನ್ನಿನವರು ಸಭೆಯೊಳಗೆ ಜಾತಿಭೇದವನ್ನು ಒಪ್ಪದೆ ಕಟ್ಟುನಿಟ್ಟಾಗಿದ್ದರೆಂದು ನಾವು ಭಾಷಣ ಮಾಡುತ್ತೇವೆ. ಆ ದಿನ ಬೋಧಕನಾದ ನಾನು ಮೊದಲ ಸಾಲಿನಲ್ಲಿ ಕುಳಿತು ಉಂಡು ಬಂದೆ. ಉಳ್ಳವರು ಮೊದಲು ಉಂಡು ಇಲ್ಲದವರು ಹಸಿದು ಕೂತ ಕೊರಿಂಥದ ಪಂಕ್ತಿಯನ್ನು ನೋಡಿ, ನೀವು ಉಣ್ಣುವುದು ಕರ್ತನ ಭೋಜನವೇ ಅಲ್ಲವೆಂದು ಪೌಲನು ಬರೆದದ್ದನ್ನು (1 ಕೊರಿಂಥ 11:20) ನಾನು ಎಷ್ಟು ಸಲ ಓದಿದ್ದೆನೋ. ನಿಮ್ಮ ನಾಲ್ಕು ಮನೆಗಳಲ್ಲಿ ಅಂಥ ಎರಡು ಸಾಲಿದ್ದರೆ ಅದನ್ನು ಮೊದಲು ಅಳಿಸಿ, ಚರ್ಚು ಕಟ್ಟುವುದು ತಡವಾಗಲಿ.

ಓದು ಬಾರದಿದ್ದರೆ ಚಿಂತೆ ಬೇಡ. ನಿಮ್ಮ ಪೈಕಿ ಶಾಲೆಗೆ ಹೋಗುವ ಹುಡುಗಿಯಿದ್ದರೆ ಅವಳೇ ಓದಲಿ. ಓದಿದ್ದನ್ನು ಕೇಳಿದವರಲ್ಲಿ ಒಬ್ಬರು ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ, ತಪ್ಪಿದಲ್ಲಿ ಉಳಿದವರು ಕೂಡಿಸಲಿ. ಎಲ್ಲರಿಗಿಂತ ಹಿರಿಯಳಾದ ಅಜ್ಜಿ ಪ್ರಾರ್ಥಿಸಲಿ. ಪತ್ರದ ಕೊನೆಗೆ, ನಾಲ್ಕು ಮನೆಗೆ ರಜಿಸ್ಟರ್ ಬೇಕೆ ಎಂದು ಕೇಳಿದ್ದೀರಿ. ಬೇಕು. ನೂರು ಪುಟದ ಒಂದು ನೋಟುಬುಕ್ಕು ಸಾಕು. ಯಾರ ದೀಕ್ಷಾಸ್ನಾನ ಎಂದಾಯಿತು, ಯಾರಿಗೆ ಯಾವ ಕೂಸು ಹುಟ್ಟಿತು, ಯಾರು ತೀರಿಕೊಂಡರು ಎಂದು ಬರೆದಿಡಿ. ದುಡಿಯಲು ಗೋವೆಗೆ ಹೋದವರ ಹೆಸರನ್ನೂ ಬರೆಯಿರಿ, ಅವರ ಫೋನ್ ನಂಬರಿನ ಜೊತೆಗೆ.